ಕ್ವಾಂಟಮ್ ಚಾನೆಲ್‌ನ ಮಾತೃಕೆ ತಪ್ಪು ಉತ್ತರ ಕೊಡುತ್ತಿದ್ದರೆ: ದೋಷ ನಿವಾರಣೆ ಕೈಪಿಡಿ

ಕ್ವಾಂಟಮ್ ಚಾನೆಲ್‌ಗಳನ್ನು, ಅಂದರೆ ಒಂದು ಕ್ವಾಂಟಮ್ ಸ್ಥಿತಿಯನ್ನು ಇನ್ನೊಂದಕ್ಕೆ ಬದಲಿಸುವ ಕ್ರಿಯೆಗಳನ್ನು, ಮಾತೃಕೆಗಳಾಗಿ ಬರೆದು ಲೆಕ್ಕ ಹಾಕುವ ಪ್ರೋಗ್ರಾಂಗಳಲ್ಲಿ ಹುಟ್ಟುವ ದೋಷಗಳಿಗೆ ಒಂದು ಕೆಟ್ಟ ಗುಣವಿದೆ: ಅವು ಪ್ರೋಗ್ರಾಂ ಅನ್ನು ನಿಲ್ಲಿಸುವುದಿಲ್ಲ. ಮಾತೃಕೆಗಳ ಅಳತೆ ಹೊಂದುತ್ತದೆ, ಗುಣಾಕಾರ ನಡೆಯುತ್ತದೆ, ಎಷ್ಟೋ ಸಲ ಹೊರಬಂದ ಸಾಂದ್ರತಾ ಮಾತೃಕೆಯ (ಸ್ಥಿತಿಯನ್ನು ಹೇಳುವ ಮಾತೃಕೆ) ಟ್ರೇಸ್, ಅಂದರೆ ಕರ್ಣದ ಅಂಕಿಗಳ ಮೊತ್ತ, 1 ಆಗಿಯೇ ಇರುತ್ತದೆ, ಐಗನ್ ಮೌಲ್ಯಗಳಲ್ಲಿ ಒಂದೂ ಋಣವಾಗಿರುವುದಿಲ್ಲ. ಆದರೂ ಬಂದ ಉತ್ತರ ಬೇರೊಂದು ಚಾನೆಲ್‌ನದ್ದಾಗಿರುತ್ತದೆ. ಸಾಮಾನ್ಯವಾಗಿ ನಾವು ನಡೆಸುವ ತಪಾಸಣೆಗಳು ‘ಇದು ಚಾನೆಲ್ ಹೌದೇ’ ಎಂದು ಕೇಳುತ್ತವೆಯೇ ಹೊರತು ‘ಇದು ನಾನು ಬರೆಯಲು ಹೊರಟ ಚಾನೆಲ್ಲೇ’ ಎಂದು ಕೇಳುವುದಿಲ್ಲ. ನಂಪೈ, ಮ್ಯಾಟ್‌ಲ್ಯಾಬ್ ಅಥವಾ ಜೂಲಿಯಾದಲ್ಲಿ ರೂಪಾಂತರದ ಕೋಡ್ ಅನ್ನು ತಾವೇ ಬರೆದುಕೊಂಡವರಿಗೆ ಮತ್ತು ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಮಾತೃಕೆಗಳನ್ನು ಸಾಗಿಸುವವರಿಗೆ ಈ ಎರಡನೆಯ ಪ್ರಶ್ನೆಯನ್ನು ಕೇಳುವ ಬಗೆಯನ್ನು ತೋರಿಸುವುದು ಇಲ್ಲಿನ ಉದ್ದೇಶ.

ರೂಪಗಳು ಮತ್ತು ಅವುಗಳ ಗಾತ್ರ

ವ್ಯವಸ್ಥೆಯ ಆಯಾಮವನ್ನು ಡಿ ಎನ್ನೋಣ; ಒಂದು ಕ್ಯೂಬಿಟ್‌ಗೆ (0 ಮತ್ತು 1 ಎಂಬ ಎರಡು ಆಧಾರ ಸ್ಥಿತಿಗಳಿರುವ ಕ್ವಾಂಟಮ್ ಘಟಕ) ಡಿ 2, ಎರಡಕ್ಕೆ 4, ಮೂರಕ್ಕೆ 8. ಸ್ಥಿತಿಯನ್ನು ಹೇಳುವುದು ಡಿ×ಡಿ ಅಳತೆಯ ಸಾಂದ್ರತಾ ಮಾತೃಕೆ. ಕ್ರೌಸ್ ರೂಪದಲ್ಲಿ ಚಾನೆಲ್ ಎಂದರೆ ಡಿ×ಡಿ ಮಾತೃಕೆಗಳ ಒಂದು ಪಟ್ಟಿ; ಪ್ರತಿಯೊಂದನ್ನೂ ಸ್ಥಿತಿಯ ಎಡಕ್ಕೆ, ಅದರ ಕಾಂಜುಗೇಟ್ ಟ್ರಾನ್ಸ್‌ಪೋಸ್ ಅನ್ನು (ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿ, ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ್ದು) ಬಲಕ್ಕೆ ಇಟ್ಟು ಗುಣಿಸಿ, ಬಂದದ್ದನ್ನೆಲ್ಲ ಕೂಡಬೇಕು. ಸೂಪರ್‌ಆಪರೇಟರ್ ರೂಪದಲ್ಲಿ ಸಾಂದ್ರತಾ ಮಾತೃಕೆಯನ್ನು ಒಂದೇ ಉದ್ದನೆಯ ವೆಕ್ಟರ್ ಆಗಿ ಬಿಡಿಸಿ, ಚಾನೆಲ್ಲನ್ನು ಅದರ ಎಡಕ್ಕೆ ಗುಣಿಸುವ ಒಂದೇ ದೊಡ್ಡ ಮಾತೃಕೆಯಾಗಿ ಇಟ್ಟುಕೊಳ್ಳುತ್ತೇವೆ. ಚೋಯ್ ಮಾತೃಕೆಯಲ್ಲಿ, ಒಳಬರುವ ಪ್ರತಿಯೊಂದು ಆಧಾರ ಮಾತೃಕೆಯ ಮೇಲೆ ಚಾನೆಲ್ ಏನು ಮಾಡುತ್ತದೆ ಎಂಬುದನ್ನು ಚೌಕ ಚೌಕವಾಗಿ ಜೋಡಿಸಿರುತ್ತೇವೆ. ಪೌಲಿ ವರ್ಗಾವಣೆ ಮಾತೃಕೆ ಎಂದರೆ ಅದೇ ಸೂಪರ್‌ಆಪರೇಟರ್ ಅನ್ನು ಪೌಲಿ ಆಧಾರದಲ್ಲಿ (ಐಡೆಂಟಿಟಿ ಮತ್ತು ಎಕ್ಸ್, ವೈ, ಝಡ್ ಎಂಬ ಪೌಲಿ ಮಾತೃಕೆಗಳ ಆಧಾರ) ಬರೆದದ್ದು. ಅದರ ಅಂಕಿಗಳೆಲ್ಲ ವಾಸ್ತವ ಸಂಖ್ಯೆಗಳು.

ಕೊನೆಯ ಮೂರೂ ರೂಪಗಳು ಡಿ²×ಡಿ² ಅಳತೆಯವು. ಸಂಕೀರ್ಣ ಸಂಖ್ಯೆಯೊಂದಕ್ಕೆ 16 ಬೈಟ್ ಎಂದು ಹಿಡಿದರೆ, ಅಂತಹ ಒಂದು ಮಾತೃಕೆ 5 ಕ್ಯೂಬಿಟ್‌ಗೆ 16 ಮೆಬಿಬೈಟ್, 6ಕ್ಕೆ 256 ಮೆಬಿಬೈಟ್, 7ಕ್ಕೆ 4 ಗಿಬಿಬೈಟ್, 8ಕ್ಕೆ 64 ಗಿಬಿಬೈಟ್ ಸ್ಮೃತಿಯನ್ನು ತಿನ್ನುತ್ತದೆ. ಪ್ರೋಗ್ರಾಂ 6 ಕ್ಯೂಬಿಟ್‌ವರೆಗೆ ಚೆನ್ನಾಗಿ ಓಡಿ 8ರಲ್ಲಿ ಸತ್ತರೆ ಅದನ್ನು ದೋಷವೆಂದು ಹುಡುಕುತ್ತ ಕೂರಬೇಕಿಲ್ಲ. ಅದು ರೂಪದ ಆಯ್ಕೆಯ ಪ್ರಶ್ನೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಎರಡು ಪರೀಕ್ಷಾ ಚಾನೆಲ್‌ಗಳು

ದೋಷ ಹುಡುಕಲು ಹೊರಡುವ ಮೊದಲು ಉತ್ತರ ಕೈಯಲ್ಲೇ ಗೊತ್ತಿರುವ ಎರಡು ಚಾನೆಲ್‌ಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು, ಮತ್ತು ಅವೆರಡೂ ಬೇರೆ ಬೇರೆ ಕೆಲಸಕ್ಕೆ ಬೇಕು. ಮೊದಲನೆಯದು ಆಂಪ್ಲಿಟ್ಯೂಡ್ ಡ್ಯಾಂಪಿಂಗ್, ಅಂದರೆ 1 ಎಂಬ ಸ್ಥಿತಿಯಲ್ಲಿರುವ ಕ್ಯೂಬಿಟ್ ಶಕ್ತಿಯನ್ನು ಕಳೆದುಕೊಂಡು 0ಗೆ ಇಳಿಯುವ ಚಾನೆಲ್. ಇಳಿಯುವ ಸಂಭವನೀಯತೆಯನ್ನು 0.36 ಎಂದು ಆರಿಸಿಕೊಂಡರೆ ವರ್ಗಮೂಲಗಳು 0.6 ಮತ್ತು 0.8 ಎಂದು ಶುದ್ಧವಾಗಿ ಬರುತ್ತವೆ. ಮೊದಲ ಕ್ರೌಸ್ ಮಾತೃಕೆಯ ಕರ್ಣದಲ್ಲಿ 1 ಮತ್ತು 0.8 ಇವೆ, ಎರಡನೆಯದರ ಮೇಲಿನ ಬಲ ಮೂಲೆಯಲ್ಲಿ 0.6 ಒಂದೇ ಇದೆ, ಉಳಿದುದೆಲ್ಲ ಸೊನ್ನೆ. ಇದರ ಸೂಪರ್‌ಆಪರೇಟರ್‌ನ ನಾಲ್ಕು ಅಡ್ಡಸಾಲುಗಳು ಹೀಗಿರಬೇಕು:

(1, 0, 0, 0.36)
(0, 0.8, 0, 0)
(0, 0, 0.8, 0)
(0, 0, 0, 0.64)

ಒಳಸೂಚಿಯನ್ನು (ಒಳಬರುವ ಸ್ಥಿತಿಯ ಸೂಚಿ) ಮೊದಲು, ಹೊರಸೂಚಿಯನ್ನು (ಹೊರಬರುವ ಸ್ಥಿತಿಯ ಸೂಚಿ) ನಂತರ ಇಡುವ ಪದ್ಧತಿಯಲ್ಲಿ ಇದರ ಚೋಯ್ ಮಾತೃಕೆಯ ಕರ್ಣ 1, 0, 0.36, 0.64, ಎರಡು ಎದುರು ಮೂಲೆಗಳಲ್ಲಿ 0.8. ಐಗನ್ ಮೌಲ್ಯಗಳು 1.64, 0.36, 0, 0. ಹೊರಸೂಚಿಯನ್ನು ಮೊದಲು ಇಡುವ ಪದ್ಧತಿಯಲ್ಲಿ ಕರ್ಣ 1, 0.36, 0, 0.64 ಆಗುತ್ತದೆ. ಆದ್ದರಿಂದ 0.36 ಎರಡನೆಯ ಸ್ಥಾನದಲ್ಲಿದೆಯೇ ಮೂರನೆಯದರಲ್ಲಿದೆಯೇ ಎಂದು ನೋಡಿದರೆ ನಿಮ್ಮ ಕೈಗೆ ಬಂದ ಚೋಯ್ ಮಾತೃಕೆ ಯಾವ ಪದ್ಧತಿಯದು ಎಂಬುದು ತಿಳಿಯುತ್ತದೆ. ದಾಖಲೆಯ ಪುಟಗಳನ್ನು ತಿರುವಿ ಹಾಕುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಎರಡನೆಯ ಪರೀಕ್ಷಾ ಚಾನೆಲ್ ಎಸ್ ಗೇಟ್. ಅದರ ಕರ್ಣದಲ್ಲಿ 1 ಮತ್ತು ಐ ಇವೆ. ಇಲ್ಲಿ ಐ ಎಂದರೆ −1ರ ವರ್ಗಮೂಲ. ಶಬ್ದ, ಅಂದರೆ ನಾಯ್ಸ್, ಇಲ್ಲದ ಒಂದು ಸಾಮಾನ್ಯ ಗೇಟ್ ಏಕೆ ಬೇಕು ಎಂಬುದು ಮುಂದಿನ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಲಕ್ಷಣ: ಎಲ್ಲ ತಪಾಸಣೆ ಪಾಸು, ವೈ ದಿಕ್ಕಿನ ಚಿಹ್ನೆ ಮಾತ್ರ ತಿರುಗಿದೆ

ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವ, ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಇದು. ಮಾತೃಕೆಯನ್ನು ವೆಕ್ಟರ್ ಆಗಿ ಬಿಡಿಸುವಾಗ ಅಡ್ಡಸಾಲುಗಳನ್ನು ಒಂದರ ಹಿಂದೆ ಒಂದು ಜೋಡಿಸಬಹುದು, ಇಲ್ಲವೇ ಕಂಬಸಾಲುಗಳನ್ನು ಜೋಡಿಸಬಹುದು. ನಂಪೈನ ರೀಶೇಪ್ ಬೇರೆ ಸೂಚನೆ ಇಲ್ಲದಿದ್ದಾಗ ಅಡ್ಡಸಾಲಿನ ಕ್ರಮವನ್ನು ಹಿಡಿಯುತ್ತದೆ. ಮ್ಯಾಟ್‌ಲ್ಯಾಬ್ ಮತ್ತು ಜೂಲಿಯಾ ಕಂಬಸಾಲಿನ ಕ್ರಮವನ್ನು ಹಿಡಿಯುತ್ತವೆ. ಕಿಸ್‌ಕಿಟ್ ಮತ್ತು ಕ್ಯುಟಿಪ್ ಎರಡೂ ಪೈಥಾನ್ ಪ್ಯಾಕೇಜುಗಳಾಗಿದ್ದರೂ ಸೂಪರ್‌ಆಪರೇಟರ್‌ಗೆ ಕಂಬಸಾಲಿನ ಪದ್ಧತಿಯನ್ನೇ ಅನುಸರಿಸುತ್ತವೆ, ಹಾಗಾಗಿ ಅವುಗಳಿಂದ ತೆಗೆದ ಮಾತೃಕೆಯನ್ನು ನಂಪೈನಲ್ಲಿ ಸುಮ್ಮನೆ ಬಿಡಿಸಿದ ವೆಕ್ಟರ್‌ಗೆ ಗುಣಿಸಿದವರು ಗೊತ್ತಿಲ್ಲದೆ ಎರಡು ಪದ್ಧತಿಗಳನ್ನು ಬೆರೆಸಿರುತ್ತಾರೆ. ಕಂಬಸಾಲಿನ ಪದ್ಧತಿಯಲ್ಲಿ ಸೂಪರ್‌ಆಪರೇಟರ್ ಎಂದರೆ ಪ್ರತಿ ಕ್ರೌಸ್ ಮಾತೃಕೆಯ ಕಾಂಜುಗೇಟ್ ಎಡಕ್ಕೆ, ಮೂಲ ಮಾತೃಕೆ ಬಲಕ್ಕೆ ಇರುವ ಕ್ರೋನೆಕರ್ ಗುಣಲಬ್ಧಗಳ (ಎಡ ಮಾತೃಕೆಯ ಪ್ರತಿ ಅಂಕಿಯ ಜಾಗದಲ್ಲಿ ಆ ಅಂಕಿಯಿಂದ ಗುಣಿಸಿದ ಬಲ ಮಾತೃಕೆಯನ್ನು ಇಡುವುದು) ಮೊತ್ತ. ಅಡ್ಡಸಾಲಿನ ಪದ್ಧತಿಯಲ್ಲಿ ಮೂಲ ಎಡಕ್ಕೆ, ಕಾಂಜುಗೇಟ್ ಬಲಕ್ಕೆ.

ಇವೆರಡನ್ನು ಬೆರೆಸಿದಾಗ ಆಗುವುದು ಇಷ್ಟೇ: ಪ್ರತಿ ಕ್ರೌಸ್ ಮಾತೃಕೆಯ ಜಾಗದಲ್ಲಿ ಅದರ ಕಾಂಜುಗೇಟ್ ಬಂದು ಕೂರುತ್ತದೆ. ಕಾಂಜುಗೇಟ್ ಆದ ಚಾನೆಲ್ ಕೂಡ ಕಾಯಿದೆಬದ್ಧ ಚಾನೆಲ್ಲೇ ಆದ್ದರಿಂದ ಟ್ರೇಸ್ ಉಳಿಯುತ್ತದೆ, ಚೋಯ್ ಮಾತೃಕೆಯ ಐಗನ್ ಮೌಲ್ಯಗಳು ಒಂದಿನಿತೂ ಬದಲಾಗುವುದಿಲ್ಲ. ಡ್ಯಾಂಪಿಂಗ್ ಚಾನೆಲ್‌ನ ಕ್ರೌಸ್ ಮಾತೃಕೆಗಳು ವಾಸ್ತವ ಸಂಖ್ಯೆಗಳವು. ಅಲ್ಲಿ ಎರಡೂ ಪದ್ಧತಿಗಳು ಒಂದೇ ಮಾತೃಕೆಯನ್ನು ಕೊಡುತ್ತವೆ. ಸ್ಥಿತಿಯನ್ನು ಎಲ್ಲ ದಿಕ್ಕಿನಲ್ಲೂ ಸಮವಾಗಿ ಮಸುಕಾಗಿಸುವ ಡಿಪೋಲರೈಸಿಂಗ್ ಚಾನೆಲ್‌ನಲ್ಲಿ ಪೌಲಿ ವೈ ಇರುವುದರಿಂದ ದೋಷ ಬಯಲಾಗಬಹುದು ಎಂದುಕೊಂಡರೆ ಅದೂ ಇಲ್ಲ: ವೈನ ಕಾಂಜುಗೇಟ್ ಎಂದರೆ ವೈಗೆ ಋಣ ಚಿಹ್ನೆ ಹಾಕಿದ್ದು, ಆ ಚಿಹ್ನೆ ಗುಣಲಬ್ಧದ ಎಡದಲ್ಲಿದ್ದರೂ ಬಲದಲ್ಲಿದ್ದರೂ ಫಲ ಒಂದೇ. ನನ್ನ ಪರೀಕ್ಷಾ ಪಟ್ಟಿಯಲ್ಲಿ ಒಮ್ಮೆ ಇವೆರಡು ಮತ್ತು ಫೇಸ್ ಡ್ಯಾಂಪಿಂಗ್ (0 ಮತ್ತು 1ರ ನಡುವಿನ ಫೇಸ್ ಮಾತ್ರ ಅಳಿಯುವ ಚಾನೆಲ್) ಮಾತ್ರ ಇದ್ದವು. ಎಲ್ಲವೂ ಹಸಿರು ತೋರಿಸುತ್ತಿದ್ದ ಕಾರಣಕ್ಕೇ ಆ ಕೋಡ್ ಅನ್ನು ಬಿಟ್ಟು ಬೇರೆಲ್ಲ ಕಡೆ ಮೂರು ದಿನ ಹುಡುಕಿದ್ದೆ.

ಎಸ್ ಗೇಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಬಸಾಲಿನ ಪದ್ಧತಿಯಲ್ಲಿ ಅದರ ಸೂಪರ್‌ಆಪರೇಟರ್‌ನ ಕರ್ಣ 1, ಐ, −ಐ, 1. ಅಡ್ಡಸಾಲಿನ ಪದ್ಧತಿಯಲ್ಲಿ 1, −ಐ, ಐ, 1. ಪ್ಲಸ್ ಸ್ಥಿತಿಯನ್ನು (ಸಾಂದ್ರತಾ ಮಾತೃಕೆಯ ನಾಲ್ಕೂ ಅಂಕಿಗಳು 0.5) ಒಳಗೆ ಕೊಟ್ಟು ಹೊರಗೆ ಪೌಲಿ ವೈನ ಸರಾಸರಿಯನ್ನು ಅಳೆಯಿರಿ. +1 ಬಂದರೆ ಬಿಡಿಸುವ ಕ್ರಮವೂ ಮಾತೃಕೆಯ ಕ್ರಮವೂ ಹೊಂದಿವೆ. −1 ಬಂದರೆ ಬೆರೆತಿವೆ. 0 ಬಂದರೆ ಕಾಲ್ಪನಿಕ ಭಾಗವೇ ಎಲ್ಲೋ ಬಿದ್ದುಹೋಗಿದೆ. ಈ ಮೂರನೆಯದಕ್ಕೆ ಸಾಮಾನ್ಯ ಕಾರಣ, ಸೊನ್ನೆಗಳಿಂದ ತುಂಬಿದ ಮಾತೃಕೆಯನ್ನು ವಾಸ್ತವ ಸಂಖ್ಯೆಗಳ ಬಗೆಯಲ್ಲಿ ಸೃಷ್ಟಿಸಿ, ಆಮೇಲೆ ಅದರೊಳಗೆ ಸಂಕೀರ್ಣ ಸಂಖ್ಯೆಗಳ ಮಾತೃಕೆಯನ್ನು ತುಂಬುವುದು. ನಂಪೈ ಒಂದು ಎಚ್ಚರಿಕೆಯನ್ನು ಮುದ್ರಿಸಿ ಕಾಲ್ಪನಿಕ ಭಾಗವನ್ನು ಕೈಬಿಡುತ್ತದೆ, ಉದ್ದನೆಯ ಲಾಗ್‌ನಲ್ಲಿ ಆ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮ್ಯಾಟ್‌ಲ್ಯಾಬ್ ಬಳಸುವವರು ಇನ್ನೊಂದನ್ನು ನೋಡಬೇಕು: ಅಲ್ಲಿ ಅಪಾಸ್ಟ್ರಫಿ ಚಿಹ್ನೆ ಬರೀ ಟ್ರಾನ್ಸ್‌ಪೋಸ್ ಅಲ್ಲ, ಕಾಂಜುಗೇಟ್ ಟ್ರಾನ್ಸ್‌ಪೋಸ್, ಬರೀ ಟ್ರಾನ್ಸ್‌ಪೋಸ್ ಬೇಕಿದ್ದರೆ ಅಪಾಸ್ಟ್ರಫಿಗೆ ಮೊದಲು ಚುಕ್ಕಿ ಇಡಬೇಕು.

ಲಕ್ಷಣ: 1.36 ಮತ್ತು 0.64

ಡ್ಯಾಂಪಿಂಗ್ ಪರೀಕ್ಷೆಯಲ್ಲಿ ಎಲ್ಲಿಯಾದರೂ 1 ಮತ್ತು 1 ಬರಬೇಕಾದ ಕಡೆ 1.36 ಮತ್ತು 0.64 ಕಂಡರೆ ಒಳಸೂಚಿ ಮತ್ತು ಹೊರಸೂಚಿ ಅದಲುಬದಲಾಗಿವೆ ಎಂದು ನಿಶ್ಚಯಿಸಬಹುದು. ಇದು ಮೂರು ಬಾಗಿಲುಗಳಿಂದ ಒಳಬರುತ್ತದೆ. ಮೊದಲನೆಯದು ಟ್ರೇಸ್ ಉಳಿಯುತ್ತದೆಯೇ ಎಂಬ ತಪಾಸಣೆ: ಚೋಯ್ ಮಾತೃಕೆಯಲ್ಲಿ ಹೊರಸೂಚಿಯ ಮೇಲೆ ಭಾಗಶಃ ಟ್ರೇಸ್ (ಆ ಒಂದು ಸೂಚಿಯ ಮೇಲೆ ಮಾತ್ರ ಕೂಡುವುದು) ತೆಗೆದರೆ ಐಡೆಂಟಿಟಿ ಮಾತೃಕೆ ಬರಬೇಕು, ಆದರೆ ಒಳಸೂಚಿಯ ಮೇಲೆ ತೆಗೆದರೆ ಐಡೆಂಟಿಟಿಯ ಮೇಲೆ ಚಾನೆಲ್ ಮಾಡಿದ ಪರಿಣಾಮ ಬರುತ್ತದೆ, ಅದರ ಕರ್ಣವೇ 1.36 ಮತ್ತು 0.64. ಅಂದರೆ ಚಾನೆಲ್ ಸರಿಯಿದೆ, ತಪಾಸಣೆಯೇ ತಪ್ಪಿದೆ. ಎರಡನೆಯದು ಚೋಯ್‌ನಿಂದ ಕ್ರೌಸ್‌ಗೆ ಹೋಗುವ ದಾರಿ: ಒಳಸೂಚಿ ಮೊದಲಿರುವ ಪದ್ಧತಿಯಲ್ಲಿ ಐಗನ್ ವೆಕ್ಟರ್ ಅನ್ನು ಕಂಬಸಾಲಿನ ಕ್ರಮದಲ್ಲಿ ಮಡಿಸಬೇಕು, ಅಡ್ಡಸಾಲಿನ ಕ್ರಮದಲ್ಲಿ ಮಡಿಸಿದರೆ ಕ್ರೌಸ್ ಮಾತೃಕೆಗಳ ಟ್ರಾನ್ಸ್‌ಪೋಸ್ ಸಿಗುತ್ತದೆ, 0.6 ಕೆಳಗಿನ ಎಡ ಮೂಲೆಗೆ ಬಂದು ಕೂರುತ್ತದೆ, ಡ್ಯಾಂಪಿಂಗ್ ಬದಲು ಕ್ಯೂಬಿಟ್ ತಾನಾಗಿ ಮೇಲೇರತೊಡಗುತ್ತದೆ.

ಮೂರನೆಯ ಬಾಗಿಲು ಸ್ವಲ್ಪ ಸೂಕ್ಷ್ಮವಾದದ್ದು. ಸೂಪರ್‌ಆಪರೇಟರ್‌ನಿಂದ ಚೋಯ್‌ಗೆ ಹೋಗಲು ಒಂದೇ ಒಂದು ಗುಣಾಕಾರವೂ ಬೇಕಿಲ್ಲ. ಡಿ²×ಡಿ² ಮಾತೃಕೆಯನ್ನು ನಾಲ್ಕು ಸೂಚಿಗಳ ಸರಣಿಯಾಗಿ ಬಿಡಿಸಿ, ಸೂಚಿಗಳ ಸ್ಥಾನ ಬದಲಿಸಿ, ಮತ್ತೆ ಮಡಿಸಿದರೆ ಸಾಕು. ಸುದರ್ಶನ್, ಮ್ಯಾಥ್ಯೂಸ್ ಮತ್ತು ಜಯಸೀತಾ ರಾವ್ ಅವರು 1961ರ ಪ್ರಬಂಧದಲ್ಲಿ ಎ ಮತ್ತು ಬಿ ಎಂದು ಕರೆದ ಎರಡು ಮಾತೃಕೆಗಳ ಸಂಬಂಧ ಇದೇ ಆಗಿತ್ತು. ಚೋಯ್ ಅವರ ಪ್ರಮೇಯ ಬಂದದ್ದು 1975ರಲ್ಲಿ, ಆದರೂ ಹೆಸರು ಉಳಿದದ್ದು ಅವರದೇ. ಸೊನ್ನೆಯಿಂದ ಎಣಿಸುವಾಗ, ಕಂಬಸಾಲಿನ ಪದ್ಧತಿಗೆ ಸ್ಥಾನಬದಲಾವಣೆ (3, 1, 2, 0). ಅಡ್ಡಸಾಲಿನ ಪದ್ಧತಿಗೆ (2, 0, 3, 1). ಮೊದಲನೆಯದನ್ನು ಎರಡು ಸಲ ನಡೆಸಿದರೆ ಹೊರಟಲ್ಲಿಗೇ ಮರಳುತ್ತೇವೆ, ಆದ್ದರಿಂದ ಹೋಗಲೂ ಬರಲೂ ಒಂದೇ ಫಂಕ್ಷನ್ ಸಾಕು. ಎರಡನೆಯದು ಹಾಗಲ್ಲ: ಅದರ ಹಿಮ್ಮುಖ ದಾರಿ (1, 3, 0, 2). ಒಂದೇ ಫಂಕ್ಷನ್ ಅನ್ನು ಎರಡೂ ದಿಕ್ಕಿಗೆ ಬಳಸಿದರೆ ಡ್ಯಾಂಪಿಂಗ್‌ನ 0.36 ಮೇಲಿನ ಬಲ ಮೂಲೆಯಿಂದ ಕೆಳಗಿನ ಎಡ ಮೂಲೆಗೆ ಜಿಗಿಯುತ್ತದೆ, 0 ಸ್ಥಿತಿಯನ್ನು ಒಳಗೆ ಕೊಟ್ಟಾಗ ಹೊರಬರುವುದರ ಟ್ರೇಸ್ 1.36 ಆಗುತ್ತದೆ. ಹೋಗಿ ಬರುವ ಪರೀಕ್ಷೆಯನ್ನು ಐಡೆಂಟಿಟಿ ಚಾನೆಲ್‌ನ ಮೇಲೆ ಮಾತ್ರ ನಡೆಸಿದವರಿಗೆ ಇದು ಕಾಣುವುದೇ ಇಲ್ಲ.

ಲಕ್ಷಣ: ಐಗನ್ ಮೌಲ್ಯ ಋಣವಾಗಿದೆ, ಅಥವಾ ಕ್ರೌಸ್ ಮಾತೃಕೆಗಳಲ್ಲಿ ಸಂಖ್ಯೆಯೇ ಇಲ್ಲ

ಋಣ ಮೌಲ್ಯ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಬೇಕು. −3×10⁻¹⁷ ತರಹದ್ದು ದಶಮಾಂಶಗಳ ಪೂರ್ಣಾಂಕನದ ಧೂಳು ಮಾತ್ರ. ಅದರ ವರ್ಗಮೂಲ ತೆಗೆದಾಗ ಸಂಖ್ಯೆಯಲ್ಲದ ಮೌಲ್ಯ ಹುಟ್ಟಿ ಉಳಿದ ಲೆಕ್ಕಕ್ಕೆಲ್ಲ ಹರಡುತ್ತದೆ. ಅತಿದೊಡ್ಡ ಐಗನ್ ಮೌಲ್ಯಕ್ಕೆ ಹೋಲಿಸಿ ಒಂದು ಮಿತಿಯನ್ನು ಇಟ್ಟು, ಅದಕ್ಕಿಂತ ಕಡಿಮೆ ಇರುವುದನ್ನೆಲ್ಲ ಕೈಬಿಡಬೇಕು. ಎಲ್ಲ ಗಾತ್ರಕ್ಕೂ ಒಂದೇ ಸ್ಥಿರ ಮಿತಿ ಇಟ್ಟರೆ ಕ್ಯೂಬಿಟ್‌ಗಳು ಹೆಚ್ಚಿದಂತೆ ಅದು ಹೊಂದುವುದಿಲ್ಲ.

ಐಗನ್ ಮೌಲ್ಯಗಳು 1, 1, 1, −1 ಎಂದು ಬಂದರೆ ಅದು ಧೂಳಲ್ಲ, ಸಹಿ. ಟ್ರಾನ್ಸ್‌ಪೋಸ್ ಎಂಬ ಕ್ರಿಯೆಯ ಚೋಯ್ ಮಾತೃಕೆಗೆ ಒಂದು ಕ್ಯೂಬಿಟ್‌ನಲ್ಲಿ ಇವೇ ಮೌಲ್ಯಗಳಿವೆ. ಅಂದರೆ ಐಡೆಂಟಿಟಿ ಚಾನೆಲ್‌ನೊಳಗೆ ಎಲ್ಲೋ ಒಂದು ಟ್ರಾನ್ಸ್‌ಪೋಸ್ ಹೆಚ್ಚಾಗಿ ನುಸುಳಿದೆ, ಅಥವಾ ನಾಲ್ಕು ಸೂಚಿಗಳಲ್ಲಿ ಒಂದು ಜೋಡಿಯನ್ನು ಮಾತ್ರ ತಿರುಗಿಸಲಾಗಿದೆ. ಇನ್ನು −0.02 ತರಹದ ಮೌಲ್ಯ ಪ್ರಯೋಗದ ಟೊಮೊಗ್ರಫಿಯಿಂದ (ಅಳತೆಗಳಿಂದ ಚಾನೆಲ್ಲನ್ನು ಮರಳಿ ಕಟ್ಟುವ ವಿಧಾನ) ಬಂದ ಚೋಯ್ ಮಾತೃಕೆಯಲ್ಲಿದ್ದರೆ ಅದು ಅಳತೆಯ ಶಬ್ದವಾಗಿರಬಹುದು. ಆದರೆ ನೀವೇ ಕ್ರೌಸ್ ಪಟ್ಟಿಯಿಂದ ಕಟ್ಟಿದ ಮಾತೃಕೆಯಲ್ಲಿದ್ದರೆ ಅದು ಖಂಡಿತವಾಗಿ ಕೋಡ್‌ನ ದೋಷ, ಏಕೆಂದರೆ ಹಾಗೆ ಕಟ್ಟಿದ ಮಾತೃಕೆ ಋಣವಾಗಲು ಸಾಧ್ಯವೇ ಇಲ್ಲ. ಅಂಥ ಕಡೆ ಋಣ ಮೌಲ್ಯವನ್ನು ಸೊನ್ನೆ ಮಾಡಿ ಮುಂದೆ ಹೋಗುವುದು ರೋಗವನ್ನು ಬಿಟ್ಟು ಜ್ವರಮಾಪಕವನ್ನು ಒಡೆದಂತೆ.

ಐಗನ್ ಮೌಲ್ಯಗಳು ಸರಿಯಿದ್ದೂ ಕ್ರೌಸ್ ಮಾತೃಕೆಗಳು ಮೂಲ ಚಾನೆಲ್ಲನ್ನು ಮರಳಿ ಕೊಡದಿದ್ದರೆ ಯಾವ ಫಂಕ್ಷನ್ ಕರೆದಿದ್ದೀರಿ ಎಂದು ನೋಡಿ. ಡಿಪೋಲರೈಸಿಂಗ್ ಪ್ರಮಾಣ 0.2 ಇದ್ದಾಗ ಐಗನ್ ಮೌಲ್ಯಗಳು 1.7, 0.1, 0.1, 0.1. ಸಾಮಾನ್ಯ ಮಾತೃಕೆಗಳಿಗಾಗಿ ಇರುವ ಐಗ್ ಫಂಕ್ಷನ್ ಸಮಾನ ಮೌಲ್ಯಗಳ ವೆಕ್ಟರ್‌ಗಳು ಪರಸ್ಪರ ಲಂಬವಾಗಿರುತ್ತವೆ ಎಂಬ ಭರವಸೆ ಕೊಡುವುದಿಲ್ಲ. ಹರ್ಮಿಷಿಯನ್ ಮಾತೃಕೆಗಳಿಗಾಗಿ (ತಮ್ಮ ಕಾಂಜುಗೇಟ್ ಟ್ರಾನ್ಸ್‌ಪೋಸ್‌ಗೆ ಸಮನಾದವು) ಇರುವ ಐಗ್‌ಎಚ್ ಕೊಡುತ್ತದೆ. ಆದರೆ ಐಗ್‌ಎಚ್‌ಗೂ ಒಂದು ಕಣ್ಣು ಕುರುಡು: ನಂಪೈನಲ್ಲಿ ಅದು ಕೆಳಗಿನ ತ್ರಿಕೋನವನ್ನು ಮಾತ್ರ ಓದುವುದರಿಂದ, ಮಾತೃಕೆ ಹರ್ಮಿಷಿಯನ್ ಅಲ್ಲದಿದ್ದರೂ ತುಟಿ ಪಿಟಕ್ಕೆನ್ನದೆ ಉತ್ತರ ಕೊಡುತ್ತದೆ. ಆದ್ದರಿಂದ ಅದನ್ನು ಕರೆಯುವ ಮೊದಲೇ ಮಾತೃಕೆಗೂ ಅದರ ಕಾಂಜುಗೇಟ್ ಟ್ರಾನ್ಸ್‌ಪೋಸ್‌ಗೂ ಇರುವ ವ್ಯತ್ಯಾಸವನ್ನು ಅಳೆಯಬೇಕು.

ಐಡೆಂಟಿಟಿ ಚಾನೆಲ್‌ನ ಫಿಡೆಲಿಟಿ (ಚಾನೆಲ್ ಬಯಸಿದ್ದಕ್ಕೆ ಎಷ್ಟು ಹತ್ತಿರವಿದೆ ಎಂಬ ಅಳತೆ, ಗರಿಷ್ಠ 1) ಒಂದು ಕ್ಯೂಬಿಟ್‌ಗೆ 2, ಎರಡಕ್ಕೆ 4 ಎಂದು ಬಂದರೆ ಹೆಚ್ಚು ಯೋಚಿಸಬೇಕಿಲ್ಲ. ಚೋಯ್ ಮಾತೃಕೆಯ ಟ್ರೇಸ್ ಅನ್ನು ಕೆಲವರು ಡಿ ಎಂದೂ ಕೆಲವರು 1 ಎಂದೂ ಇಡುತ್ತಾರೆ. ಒಮ್ಮೆ ಡಿಯಿಂದ ಭಾಗಿಸುವುದು ತಪ್ಪಿಹೋಗಿದೆ. ಪೌಲಿ ವರ್ಗಾವಣೆ ಮಾತೃಕೆಯ ಮೊದಲ ಅಂಕಿ 1ರ ಬದಲು ಡಿ ಆಗಿದ್ದರೂ ಕಾರಣ ಇದೇ.

ಲಕ್ಷಣ: ಒಂದು ಕ್ಯೂಬಿಟ್‌ನಲ್ಲಿ ಸರಿ, ಎರಡರಲ್ಲಿ ಟ್ರೇಸ್ 0.5392

ಎರಡು ಕ್ಯೂಬಿಟ್‌ಗಳ ಮೇಲೆ ಪ್ರತ್ಯೇಕವಾಗಿ ನಡೆಯುವ ಚಾನೆಲ್‌ಗಳ ಸೂಪರ್‌ಆಪರೇಟರ್‌ಗಳನ್ನು ಕ್ರೋನೆಕರ್ ಗುಣಲಬ್ಧದಿಂದ ನೇರವಾಗಿ ಜೋಡಿಸುವಂತಿಲ್ಲ. ಹಾಗೆ ಜೋಡಿಸಿದಾಗ ಸೂಚಿಗಳು ಕ್ಯೂಬಿಟ್‌ವಾರು ನಿಲ್ಲುತ್ತವೆ, ಆದರೆ ಬಿಡಿಸಿದ ವೆಕ್ಟರ್‌ನಲ್ಲಿ ಮೊದಲು ಎಲ್ಲ ಕಂಬಸೂಚಿಗಳು, ಆಮೇಲೆ ಎಲ್ಲ ಅಡ್ಡಸೂಚಿಗಳು ಇರುತ್ತವೆ. ಎರಡೂ ಕ್ಯೂಬಿಟ್‌ಗಳನ್ನು 1 ಸ್ಥಿತಿಯಲ್ಲಿಟ್ಟು ಎರಡರ ಮೇಲೂ ನಮ್ಮ ಡ್ಯಾಂಪಿಂಗ್ ನಡೆಸಿದರೆ, ಒಂದೇ ಕ್ಯೂಬಿಟ್ ಇಳಿದ ಎರಡು ಸಂದರ್ಭಗಳಿಗೆ ಸೇರಬೇಕಾದ 0.2304ಗಳು ಸೊನ್ನೆಯಿಂದ ಎಣಿಸಿದ 5 ಮತ್ತು 10ನೇ ಸ್ಥಾನಗಳ ಬದಲು 3 ಮತ್ತು 12ಕ್ಕೆ ಹೋಗಿ ಬೀಳುತ್ತವೆ. ಟ್ರೇಸ್‌ಗೆ ಸಿಗುವುದು 0.1296 ಮತ್ತು 0.4096ರ ಮೊತ್ತ, ಅಂದರೆ 0.5392 ಮಾತ್ರ. ಗುಣಲಬ್ಧವನ್ನು ಎಂಟು ಸೂಚಿಗಳಾಗಿ ಬಿಡಿಸಿ (0, 2, 1, 3, 4, 6, 5, 7) ಎಂಬ ಸ್ಥಾನಬದಲಾವಣೆ ಮಾಡಿ ಮಡಿಸಿದರೆ ದೋಷ ಹೋಗುತ್ತದೆ. ಚೋಯ್ ಮಾತೃಕೆಗೂ ಇದೇ ತೊಂದರೆ ಉಂಟು; ಪೌಲಿ ವರ್ಗಾವಣೆ ಮಾತೃಕೆಗೆ ಇಲ್ಲ, ಅದನ್ನು ನೇರವಾಗಿ ಜೋಡಿಸಬಹುದು. ಹಲವು ಕ್ಯೂಬಿಟ್‌ಗಳ ಕೆಲಸದಲ್ಲಿ ನಾನು ಆ ರೂಪವನ್ನೇ ಹಿಡಿಯಲು ಇದೊಂದು ಕಾರಣ.

ಟ್ರೇಸ್ ಸರಿಯಿದ್ದು ತಪ್ಪು ಕ್ಯೂಬಿಟ್ ಇಳಿಯುತ್ತಿದ್ದರೆ ಅದು ಕ್ರಮದ ಭೇದ. ಕಿಸ್‌ಕಿಟ್‌ನಲ್ಲಿ ಸೊನ್ನೆಯ ಕ್ಯೂಬಿಟ್ ಗುಣಲಬ್ಧದ ಬಲತುದಿಯಲ್ಲಿರುತ್ತದೆ, ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಎಡತುದಿಯಲ್ಲಿ. ಒಂದೇ ಕ್ಯೂಬಿಟ್‌ಗೆ ಡ್ಯಾಂಪಿಂಗ್ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಲಕ್ಷಣ: ಉತ್ತರ ಸರಿ, ಆದರೆ ಬರುವುದೇ ಇಲ್ಲ

ಈ ನಿಧಾನಗತಿಗೆ ಮೂರು ಸಾಮಾನ್ಯ ಕಾರಣಗಳನ್ನು ಕಂಡಿದ್ದೇನೆ. ಕ್ರೌಸ್ ಮೊತ್ತವನ್ನು ಐನ್‌ಸಮ್‌ನಲ್ಲಿ (ಸೂಚಿಗಳ ಮೇಲಿನ ಮೊತ್ತಗಳನ್ನು ಲೆಕ್ಕ ಹಾಕುವ ನಂಪೈ ಫಂಕ್ಷನ್) ಒಂದೇ ಸಾಲಿನಲ್ಲಿ ಬರೆದರೆ ನಂಪೈ ತಾನಾಗಿ ಅದನ್ನು ಎರಡು ಗುಣಾಕಾರಗಳಾಗಿ ಒಡೆಯುವುದಿಲ್ಲ. ಎಲ್ಲ ಸೂಚಿಗಳ ಮೇಲೂ ಒಟ್ಟಿಗೆ ಸುತ್ತುವುದರಿಂದ ಪ್ರತಿ ಕ್ರೌಸ್ ಮಾತೃಕೆಗೆ ಡಿ³ ಪ್ರಮಾಣದ ಬದಲು ಡಿ⁴ ಪ್ರಮಾಣದ ಕೆಲಸ ಬೀಳುತ್ತದೆ. ಆಪ್ಟಿಮೈಸ್ ಆಯ್ಕೆಯನ್ನು ಚಾಲೂ ಮಾಡಿದರೆ ಇದು ತಪ್ಪುತ್ತದೆ.

ಎರಡನೆಯದು ಪೌಲಿ ಆಧಾರಕ್ಕೆ ಬದಲಿಸುವಾಗ ಡಿ²×ಡಿ² ಅಳತೆಯ ತುಂಬಿದ ಮಾತೃಕೆಗಳನ್ನು ಎರಡೂ ಬದಿಯಿಂದ ಗುಣಿಸುವುದು. 5 ಕ್ಯೂಬಿಟ್‌ಗೆ ಒಂದು ಬದಿಗೇ ಸುಮಾರು 107 ಕೋಟಿ ಗುಣಾಕಾರಗಳಾಗುತ್ತವೆ. ಆದರೆ ಪೌಲಿ ಆಧಾರ ಕ್ಯೂಬಿಟ್‌ವಾರು ಒಡೆಯುವಂಥದ್ದು. ಒಂದು ಸಲಕ್ಕೆ ಒಂದು ಕ್ಯೂಬಿಟ್ ಹಿಡಿದು 4×4 ಅಳತೆಯ ಪುಟ್ಟ ಬದಲಾವಣೆಯನ್ನು ಹಾಯಿಸುತ್ತ ಹೋದರೆ, ಕೂಡಿ ಕಳೆಯುವ ಕೆಲಸ 52 ಲಕ್ಷದ ಕೆಲವು ಪಟ್ಟಿನಲ್ಲಿ ಮುಗಿಯುತ್ತದೆ. ವಾಲ್ಶ್–ಹಡಮಾರ್ಡ್ ರೂಪಾಂತರವನ್ನು ವೇಗವಾಗಿ ಮಾಡುವ ತಂತ್ರವೇ ಇದು.

ಮೂರನೆಯದು ಕ್ರೌಸ್ ಪಟ್ಟಿಯ ಊತ. ಎರಡು ಕ್ರೌಸ್ ಮಾತೃಕೆಗಳಿರುವ ಚಾನೆಲ್ಲನ್ನು ಹತ್ತು ಸಲ ಒಂದರ ಮೇಲೊಂದು ಹೇರಿದರೆ ಪಟ್ಟಿಯಲ್ಲಿ 1024 ಮಾತೃಕೆಗಳಾಗುತ್ತವೆ, ಆದರೆ ಒಂದು ಕ್ಯೂಬಿಟ್‌ಗೆ 4ಕ್ಕಿಂತ ಹೆಚ್ಚು ಎಂದೂ ಬೇಕಿಲ್ಲ. ಪ್ರತಿ ಹಂತದ ನಂತರ ಕ್ರೌಸ್ ಮಾತೃಕೆಗಳನ್ನು ಬಿಡಿಸಿ ಒಂದು ಮಾತೃಕೆಯ ಕಂಬಸಾಲುಗಳಾಗಿ ನಿಲ್ಲಿಸಿ, ಅದರ ಸಿಂಗ್ಯುಲರ್ ಮೌಲ್ಯಗಳನ್ನು ತೆಗೆದು, ಸೊನ್ನೆಯಾದವನ್ನು ಎಸೆಯಬೇಕು. ಹಾಗೆ ನಿಲ್ಲಿಸಿದ ಮಾತೃಕೆಯನ್ನು ಅದರ ಕಾಂಜುಗೇಟ್ ಟ್ರಾನ್ಸ್‌ಪೋಸ್‌ಗೆ ಒಮ್ಮೆ ಗುಣಿಸಿದರೆ ಚೋಯ್ ಮಾತೃಕೆಯೇ ಸಿಗುವುದರಿಂದ, ಕ್ರೋನೆಕರ್ ಗುಣಲಬ್ಧಗಳನ್ನು ಲೂಪ್‌ನಲ್ಲಿ ಕೂಡುವ ಅಗತ್ಯವೂ ಇಲ್ಲ. ಕ್ರೌಸ್ ಮಾತೃಕೆಗಳು ಕಡಿಮೆ ಇದ್ದಾಗ ಇದನ್ನೇ ತಿರುಗಿಸಿ ಗುಣಿಸಿದರೆ ಬರುವ ಪುಟ್ಟ ಗ್ರಾಂ ಮಾತೃಕೆಯಲ್ಲಿ ಸೊನ್ನೆಯಲ್ಲದ ಐಗನ್ ಮೌಲ್ಯಗಳೆಲ್ಲ ಇರುತ್ತವೆ. ಡಿ⁶ ಪ್ರಮಾಣದ ಐಗನ್ ಲೆಕ್ಕವನ್ನು ಮುಟ್ಟಲೇಬೇಕಿಲ್ಲ.

ಇನ್ನು ಸ್ಮೃತಿ ಸಾಲದಿರುವ ಪ್ರಶ್ನೆ. ಶಬ್ದ ಒಂದೊಂದೇ ಕ್ಯೂಬಿಟ್‌ನ ಮೇಲೆ ಬೀಳುವುದಾದರೆ ಇಡೀ ಚಾನೆಲ್‌ನ ಮಾತೃಕೆಯನ್ನು ಕಟ್ಟಲೇಬಾರದು. 10 ಕ್ಯೂಬಿಟ್‌ಗಳ ಸಾಂದ್ರತಾ ಮಾತೃಕೆಗೆ 16 ಮೆಬಿಬೈಟ್ ಸಾಕು, ಅದರ ಸೂಪರ್‌ಆಪರೇಟರ್‌ಗೆ 16 ಟೆಬಿಬೈಟ್ ಬೇಕು. ಸಾಂದ್ರತಾ ಮಾತೃಕೆಯನ್ನು 20 ಸೂಚಿಗಳ ಸರಣಿಯಾಗಿ ಬಿಡಿಸಿ, ಆಯಾ ಕ್ಯೂಬಿಟ್‌ನ ಎರಡು ಸೂಚಿಗಳ ಮೇಲೆ ಮಾತ್ರ 2×2 ಕ್ರೌಸ್ ಮಾತೃಕೆಗಳನ್ನು ನಡೆಸಿದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಕೆಲಸ ಮುಗಿಯುತ್ತದೆ. ಈ ಬದಲಾವಣೆ ಮಾಡಿದ ದಿನ 3 ಕ್ಯೂಬಿಟ್‌ಗಳಲ್ಲಿ ಹಳೆಯ ಪೂರ್ಣ ಸೂಪರ್‌ಆಪರೇಟರ್‌ನ ಉತ್ತರದೊಡನೆ ಹೊಸದನ್ನು ಹೋಲಿಸಿ ನೋಡಿ. ಹೋಲಿಕೆಗೆ ಮೂರೂ ಕ್ಯೂಬಿಟ್‌ಗಳ ಮೇಲೆ ಬೇರೆ ಬೇರೆ ಪ್ರಮಾಣದ ಡ್ಯಾಂಪಿಂಗ್ ಇರಲಿ, ನಡುವಿನ ಕ್ಯೂಬಿಟ್‌ನ ಮೇಲೆ ಒಂದು ಎಸ್ ಗೇಟ್ ಇರಲಿ, ಒಳಗೆ ಕೊಡುವ ಸ್ಥಿತಿಯ ಅಂಕಿಗಳು ಸಂಕೀರ್ಣವಾಗಿರಲಿ.